ಪ್ರಭುತ್ವದ ಹಿಂಸೆಗೆ ಹೊಣೆ ಯಾರು?

1947ನೆಯ ಇಸವಿಯ ಸೆಪ್ಟೆಂಬರ್ ತಿಂಗಳಿನಲ್ಲಿ ಅಮೃತಸರದ ಚಿನಿವಾರ ಸಂಸ್ಥೆಯೊಂದರ ಪಾಲುದಾರರು ಚಿನ್ನಬೆಳ್ಳಿಗಳನ್ನು ಮಾರುವ ಸಲುವಾಗಿ ರೈಲಿನಲ್ಲಿ ಮೇರಠಕ್ಕೆ ಬಂದಿಳಿದರು. ದಾರಿಯಲ್ಲಿ ಪೊಲೀಸರು ಅವರನ್ನು ತಡೆದು, ಕಳವಿನ ಮಾಲೆಂಬ ಸಂಶಯದಿಂದ ಠಾಣೆಗೆ ಒಯ್ದು, 103 ತೊಲೆಗೂ ಮಿಕ್ಕ ಚಿನ್ನವನ್ನೂ ಜೊತೆಗಿದ್ದ ಬೆಳ್ಳಿಯನ್ನೂ ವಶಪಡಿಸಿಕೊಂಡರು. ಮರುದಿನ ಜಾಮೀನಿನ ಮೇಲೆ ಅವರ ಬಿಡುಗಡೆಯಾಯಿತು. ಬೆಳ್ಳಿ ಮರಳಿ ಬಂದಿತು, ಚಿನ್ನ ಬರಲಿಲ್ಲ. ಅದರ ಕಾವಲಿನ ಹೊಣೆ ಹೊತ್ತಿದ್ದ ಮುಖ್ಯಪೇದೆಯೇ ಅದನ್ನು ಎತ್ತಿಕೊಂಡು ಪಾಕಿಸ್ತಾನಕ್ಕೆ ಪರಾರಿಯಾಗಿದ್ದನು. ‘ಕಸ್ತೂರಿಲಾಲ್ ರಲಿಯಾರಾಮ್ ಜೈನ್ ಮತ್ತು ಉತ್ತರ ಪ್ರದೇಶ ರಾಜ್ಯ’ ಎಂಬ ಹೆಸರಿನಿಂದ ಕಾನೂನು ಪುಸ್ತಕಗಳಲ್ಲಿ ದಾಖಲಾಗಿರುವ ಈ ವ್ಯಾಜ್ಯವು ಸುಪ್ರೀಂ ಕೋರ್ಟಿನಲ್ಲಿ 1964ರಲ್ಲಿ ತೀರ್ಮಾನವಾಯಿತು. ಪೊಲೀಸರು ಅಜಾಗರೂಕರಾಗಿದ್ದರೆಂಬುದನ್ನು ನ್ಯಾಯಾಲಯ ಒಪ್ಪಿಕೊಂಡಿತು. ಆದರೆ ಬಂಧಿಸುವುದೂ ಮಾಲು ವಶಪಡಿಸಿಕೊಳ್ಳುವುದೂ ಪ್ರಭುತ್ವದ ಸಾರ್ವಭೌಮ ಅಧಿಕಾರಕ್ಕೆ ಸೇರಿದ ಕಾರ್ಯಗಳಾದುದರಿಂದ ಸರಕಾರವು ನಷ್ಟ ತುಂಬಿಕೊಡಬೇಕಾಗಿಲ್ಲವೆಂದು ತೀರ್ಪಾಯಿತು.

ವ್ಯಾಪಾರಿಯಾದವನಿಗೆ ಈ ತರ್ಕ ಸುಲಭವಾಗಿ ಜೀರ್ಣವಾಗುವಂಥದಲ್ಲ. ಅಂಗಡಿಯಲ್ಲಿ ಗಿರಾಕಿ ಒತ್ತೆಯಿಟ್ಟ ಒಡವೆಯನ್ನು ಗುಮಾಸ್ತೆ ಕದ್ದೊಯ್ದರೆ, ‘ಅದು ಅವನ ಪಾಪ, ನನ್ನದಲ್ಲ’ ಎಂದು ಅಂಗಡಿಯ ಒಡೆಯನು ಕೈ ತೊಳೆದುಕೊಳ್ಳುವಂತಿಲ್ಲ. 1861ರಲ್ಲಿ, ಬ್ರಿಟಿಷರ ಆಳ್ವಿಕೆಯಲ್ಲೇ, ಸರಕಾರಿ ಹಡಗುಕಟ್ಟೆಯ ನೌಕರರ ಅಜಾಗರೂಕತೆಯಿಂದ ಒಂದು ಹಡಗು ಕಂಪನಿಯ ಕುದುರೆಗೆ ಗಾಯವಾದಾಗ ಕಲ್ಕತ್ತೆಯ ನ್ಯಾಯಾಲಯವು ಸರಕಾರವನ್ನೇ ಹೊಣೆಯಾಗಿಸಿತ್ತು. ಹಡಗುಕಟ್ಟೆ ನಡೆಸುವುದು ವ್ಯಾಪಾರ, ಠಾಣೆ ನಡೆಸುವುದು ಪ್ರಭುತ್ವ ಎಂಬ ಭೇದವೂ ಅದೇ ತೀರ್ಪಿನಿಂದ ಹುಟ್ಟಿತು. ಹೀಗಾಗಿ ಕುದುರೆಯ ಗಾಯಕ್ಕೆ ದೊರೆತ ನ್ಯಾಯ ಚಿನ್ನ ಕಳೆದುಕೊಂಡವರಿಗೆ ದೊರೆಯಲಿಲ್ಲ. ಈ ಸ್ಥಿತಿ ತೃಪ್ತಿಕರವಲ್ಲ, ಶಾಸನಸಭೆಗಳು ಇದಕ್ಕೊಂದು ಕಾನೂನು ಮಾಡಬೇಕು ಎಂದು ಸುಪ್ರೀಂ ಕೋರ್ಟೇ ಅದೇ ತೀರ್ಪಿನಲ್ಲಿ ಹೇಳಿತು. 1967ರಲ್ಲಿ ಮಸೂದೆಯೊಂದು ಮಂಡಿತವಾದರೂ ಅದು ಕಾನೂನಾಗಲಿಲ್ಲ.

ಹೋದುದು ಚಿನ್ನವಾದರೆ ಪರಿಗ್ರಹ ಕಡಿಮೆಯಾಯಿತೆಂದು ಶ್ರಾವಕನು ಸಮಾಧಾನಪಟ್ಟುಕೊಳ್ಳಬಹುದು. ಆದರೆ ಠಾಣೆಯೊಳಗೆ, ಸೆರೆಮನೆಯೊಳಗೆ, ಸೈನ್ಯದ ಬಂದೀಖಾನೆಯೊಳಗೆ ಹೋಗುವುದು ಪ್ರಾಣವಾದಾಗ ಲೆಕ್ಕ ಕೊಡಬೇಕಾದವರು ಯಾರು? ‘ಪ್ರಭುತ್ವ’ ಎಂಬ ಹೆಸರಿನ ಹಿಂದೆ ನಿಂತವರನ್ನು ಹೆಸರು ಹಿಡಿದು ಕರೆಯಲು ಧರ್ಮದೃಷ್ಟಿ ಅನುಮತಿ ಕೊಡುತ್ತದೆಯೆ? ಕ್ಷಮೆಯನ್ನು ದಶಧರ್ಮಗಳಲ್ಲಿ ಮೊದಲನೆಯದಾಗಿ ಎಣಿಸುವ ಸಮಾಜವೊಂದು ಹೀಗೆ ಲೆಕ್ಕ ಕೇಳುವುದನ್ನು ದ್ವೇಷವೆಂದು ತಿಳಿಯಬೇಕೆ, ಧರ್ಮವೆಂದು ತಿಳಿಯಬೇಕೆ?

ಮೊದಲು ಸಿದ್ಧಾಂತದ ಮಾತು. ರಾಜ್ಯವು ಜೀವದ್ರವ್ಯವಲ್ಲ. ಅದಕ್ಕೆ ಚೇತನವಿಲ್ಲ, ಯೋಗವಿಲ್ಲ, ಕಷಾಯವಿಲ್ಲ. ಆದುದರಿಂದ ಕರ್ಮಬಂಧವೂ ಇಲ್ಲ. ‘ಸರಕಾರ ಕೊಂದಿತು’ ಎಂಬುದು ವ್ಯವಹಾರದ ನುಡಿ. ನಿಶ್ಚಯವಾಗಿ ಕೊಂದವರು ಮನುಷ್ಯರು, ಕರ್ಮ ಅಂಟುವುದೂ ಅವರಿಗೇ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಆಸ್ರವದ ಜೀವಾಧಿಕರಣವನ್ನು ಎಣಿಸಿರುವ ಕ್ರಮ ಇಲ್ಲಿ ಗಮನಾರ್ಹವಾಗಿದೆ. ಸಂರಂಭ, ಸಮಾರಂಭ, ಆರಂಭ ಎಂದು ಮೂರು; ಮನಸ್ಸು, ವಚನ, ಕಾಯ ಎಂದು ಮೂರು; ಕೃತ, ಕಾರಿತ, ಅನುಮತ ಎಂದು ಮೂರು; ಕ್ರೋಧ, ಮಾನ, ಮಾಯೆ, ಲೋಭ ಎಂದು ನಾಲ್ಕು. ಇವುಗಳನ್ನು ಗುಣಿಸಿದರೆ 108 ಆಗುತ್ತದೆ. ಜಪಮಾಲೆಯ ಮಣಿಗಳಿಗೆ ಈ ಸಂಖ್ಯೆಯನ್ನೇ ಕಾರಣವಾಗಿ ಹೇಳುವುದುಂಟು. ದಿನವೂ ಮಣಿ ಎಣಿಸುವ ಕೈಗೆ ಈ ಗುಣಾಕಾರ ನೆನಪಿರುವುದು ಮಾತ್ರ ಅಪರೂಪ. ಮಾಡಿದವನು, ಮಾಡಿಸಿದವನು, ಒಪ್ಪಿದವನು ಎಂಬ ಮೂವರಲ್ಲಿ ಯಾರೊಬ್ಬನನ್ನೂ ಈ ಲೆಕ್ಕ ಕೈಬಿಡುವುದಿಲ್ಲ. ಸಂಕಲ್ಪಿಸಿದ ಗಳಿಗೆ, ಸಾಧನಗಳನ್ನು ಕೂಡಿಸಿದ ಗಳಿಗೆ, ಕೃತ್ಯಕ್ಕೆ ತೊಡಗಿದ ಗಳಿಗೆ ಮೂರೂ ಬೇರೆ ಬೇರೆ ಕಲಮುಗಳಾಗಿ ಖಾತೆಯಲ್ಲಿ ಬೀಳುತ್ತವೆ.

ಈ ಗಣಿತವನ್ನು ಒಂದು ದೇಶದ ಇತಿಹಾಸದ ಮೇಲಿಟ್ಟು ನೋಡಬಹುದು. ದಕ್ಷಿಣ ಅಮೆರಿಕದ ಅರ್ಜೆಂಟೀನಾದಲ್ಲಿ 1976ರ ಮಾರ್ಚ್ 24ರಂದು ಭೂಸೇನೆ, ನೌಕಾಸೇನೆ, ವಾಯುಸೇನೆಗಳ ದಂಡನಾಯಕರು ಒಟ್ಟಾಗಿ ಅಧಿಕಾರವನ್ನು ಕಿತ್ತುಕೊಂಡರು. ಜನರಲ್ ಹೋರ್ಹೆ ರಾಫೆಲ್ ವಿದೇಲಾ ಅಧ್ಯಕ್ಷರಾದರು. ಶಸ್ತ್ರಧಾರಿ ಕ್ರಾಂತಿಕಾರರ ದಮನ ಅವರು ಹೇಳಿಕೊಂಡ ಉದ್ದೇಶವಾಗಿತ್ತು. ಅಂಥ ಗುಂಪುಗಳು ಇದ್ದುದೂ ಅವು ಕೊಲೆ ಅಪಹರಣಗಳನ್ನು ಮಾಡಿದುದೂ ಸತ್ಯವೇ. ಆದರೆ ಅವರನ್ನು ನ್ಯಾಯಾಲಯಕ್ಕೆ ಒಪ್ಪಿಸುವ ಬದಲು ಸೇನಾಕೂಟ ಬೇರೊಂದು ಮಾರ್ಗವನ್ನು ಹಿಡಿಯಿತು. ಕಾರ್ಮಿಕ ಮುಂದಾಳುಗಳು, ವಿದ್ಯಾರ್ಥಿಗಳು, ಪತ್ರಕರ್ತರು, ವಕೀಲರು, ಪಾದ್ರಿಗಳು, ಗರ್ಭಿಣಿಯರು ಮನೆಗಳಿಂದ ರಾತ್ರಿವೇಳೆ ಎಳೆದೊಯ್ಯಲ್ಪಟ್ಟರು. ಬಂಧನದ ದಾಖಲೆಯಿಲ್ಲ, ಆರೋಪಪಟ್ಟಿಯಿಲ್ಲ, ಶವವಿಲ್ಲ. ಮನೆಯವರು ಕೇಳಿದರೆ ಅಂಥವರು ತಮ್ಮಲ್ಲಿಲ್ಲವೆಂಬ ಉತ್ತರ. 1979ರ ಪತ್ರಿಕಾಗೋಷ್ಠಿಯೊಂದರಲ್ಲಿ ವಿದೇಲಾ ಅವರು, ಕಾಣೆಯಾದವನು ಬದುಕಿರುವವನೂ ಅಲ್ಲ, ಸತ್ತವನೂ ಅಲ್ಲ, ಅವನು ಇಲ್ಲವೇ ಇಲ್ಲ ಎಂಬ ಅರ್ಥದ ಮಾತನ್ನಾಡಿದರು. ಇರುವ ವಸ್ತುವನ್ನು ಅರಿತೂ ಇಲ್ಲವೆನ್ನುವುದು ಅಸತ್ಯದ ಮೊದಲ ಭೇದವೆಂದು ಅಮೃತಚಂದ್ರ ಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ವರ್ಗೀಕರಿಸಿದ್ದಾರೆ. ರಾಷ್ಟ್ರಾಧ್ಯಕ್ಷನೊಬ್ಬನು ಅದನ್ನು ರಾಜ್ಯನೀತಿಯನ್ನಾಗಿ ಮಾಡಿದ ಉದಾಹರಣೆ ಇದು.

ರಾಜಧಾನಿಯಾದ ಬ್ಯೂನಸ್ ಐರಿಸ್ ನಗರದ ನೌಕಾಸೇನೆಯ ಯಾಂತ್ರಿಕ ಶಾಲೆಯೊಂದರಲ್ಲೇ ಸುಮಾರು 5,000 ಬಂದಿಗಳನ್ನು ಇಡಲಾಗಿತ್ತು. ಬದುಕಿ ಹೊರಬಂದವರು ಅತ್ಯಲ್ಪ. ಅನೇಕರಿಗೆ ಮತ್ತು ಬರಿಸುವ ಔಷಧ ಚುಚ್ಚಿ, ವಿಮಾನಗಳಲ್ಲಿ ಒಯ್ದು, ಜೀವಸಹಿತವಾಗಿ ಸಮುದ್ರಕ್ಕೆ ಎಸೆಯಲಾಯಿತು. ವಿಮಾನ ಸಿದ್ಧವಾಗಬೇಕು, ವೈದ್ಯನು ಔಷಧ ಅಳೆಯಬೇಕು, ಸರದಿಪಟ್ಟಿ ಬರೆಯಬೇಕು. ಸಮಾರಂಭ ಎಂಬ ಪಾರಿಭಾಷಿಕ ಶಬ್ದಕ್ಕೆ ಪೂಜ್ಯಪಾದರು ಹೇಳಿದ ಅರ್ಥ ಸಾಧನಗಳ ಜೋಡಣೆ ಎಂದು. ಇಂದು ಮದುವೆಯ ಕರೆಯೋಲೆಯಲ್ಲಿ ಮುದ್ರಿಸುವ ಆ ಶಬ್ದಕ್ಕೆ ಶಾಸ್ತ್ರದಲ್ಲಿರುವ ಭಯಂಕರವಾದ ಅರ್ಥ ಇಲ್ಲಿ ಪ್ರತ್ಯಕ್ಷವಾಗುತ್ತದೆ.

ಸೇನಾಕೂಟದ ಸಮರ್ಥನೆಯನ್ನೂ ಕೇಳಬೇಕು, ಏಕೆಂದರೆ ಜೈನ ಗೃಹಸ್ಥನಿಗೆ ಅದು ಅಪರಿಚಿತವಲ್ಲ. ಇದು ಯುದ್ಧವಾಗಿತ್ತು, ರಾಷ್ಟ್ರರಕ್ಷಣೆಗಾಗಿ ಮಾಡಿದುದು ಎಂದು ಅವರು ವಾದಿಸಿದರು. ಶ್ರಾವಕಾಚಾರವೂ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ವಿಂಗಡಿಸಿ, ಗೃಹಸ್ಥನಿಗೆ ಮೊದಲನೆಯದರ ತ್ಯಾಗವನ್ನು ಕಡ್ಡಾಯ ಮಾಡುತ್ತದೆ. ಮೇಲೆ ಬೀಳುವ ಶತ್ರುವಿನಿಂದ ತನ್ನನ್ನೂ ತನ್ನವರನ್ನೂ ಕಾಪಾಡುವಾಗ ಒದಗುವ ವಿರೋಧೀ ಹಿಂಸೆ ಗೃಹಸ್ಥನಿಗೆ ಅಪರಿಹಾರ್ಯವೆಂದು ಒಪ್ಪುತ್ತದೆ. ಕತ್ತಿ ಹಿಡಿದ ಜೈನ ದಂಡನಾಯಕರು, ಚಾವುಂಡರಾಯನಂಥವರು, ಈ ನೆಲೆಯಲ್ಲಿಯೇ ಧರ್ಮಿಷ್ಠರೆನಿಸಿದರು. ಹಾಗಾದರೆ ಅರ್ಜೆಂಟೀನಾದ ದಂಡನಾಯಕರಿಗೂ ಅದೇ ರಿಯಾಯತಿ ಸಲ್ಲಬಾರದೇಕೆ? ಉತ್ತರ ಕಠಿಣವಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ, ಕೈಕಾಲು ಬಿಗಿದು, ನೆಲಮಾಳಿಗೆಯಲ್ಲಿ ಮಲಗಿಸಿದ ಮನುಷ್ಯನು ವಿರೋಧಿಯಾಗಿ ಉಳಿದಿಲ್ಲ. ಅವನು ನಿನ್ನೆ ಬಂದೂಕು ಹಿಡಿದಿದ್ದನೆಂದೇ ಇಟ್ಟುಕೊಂಡರೂ ಇಂದು ಅಶರಣನು. ಅವನ ಮೇಲೆ ಎತ್ತಿದ ಕೈಯ ಹಿಂಸೆ ಶುದ್ಧ ಸಂಕಲ್ಪೀ ಹಿಂಸೆ. ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯ ಅರಸನು ಕೊಂದದ್ದು ಹಿಟ್ಟಿನ ಕೋಳಿಯನ್ನು. ಆ ಸಂಕಲ್ಪಮಾತ್ರದಿಂದ ತಾಯಿಮಗ ಇಬ್ಬರೂ ತಿರ್ಯಗ್ಗತಿಗಳಲ್ಲಿ ತೊಳಲಬೇಕಾಯಿತು. ಅರಸನೆಂದು ಕರ್ಮ ಅವನಿಗೆ ವಿನಾಯಿತಿ ಕೊಡಲಿಲ್ಲ; ತಾಯಿ ಒತ್ತಾಯಿಸಿದಳೆಂಬ ನೆಪವೂ ನಿಲ್ಲಲಿಲ್ಲ.

1982ರಲ್ಲಿ ಫಾಕ್‌ಲ್ಯಾಂಡ್ ದ್ವೀಪಗಳ ಯುದ್ಧದಲ್ಲಿ ಬ್ರಿಟನ್ನಿಗೆ ಸೋತ ಮೇಲೆ ಸೇನಾಕೂಟ ಕುಸಿಯಿತು. 1983ರ ಡಿಸೆಂಬರಿನಲ್ಲಿ ಚುನಾಯಿತ ಅಧ್ಯಕ್ಷರಾಗಿ ಬಂದ ರಾವುಲ್ ಅಲ್ಫೊನ್ಸಿನ್ ಅವರು ಲೇಖಕ ಎರ್ನೆಸ್ಟೊ ಸಾಬಾಟೊ ಅವರ ನೇತೃತ್ವದಲ್ಲಿ ಆಯೋಗವೊಂದನ್ನು ನೇಮಿಸಿದರು. 1984ರ ಅದರ ವರದಿ ಕಾಣೆಯಾದ 8,961 ಮಂದಿಯ ಪಟ್ಟಿಯನ್ನು ಕೊಟ್ಟಿತು. ಸುಮಾರು 340 ಗುಪ್ತ ಬಂದೀಖಾನೆಗಳನ್ನು ಗುರುತಿಸಿತು. ಮಾನವ ಹಕ್ಕು ಸಂಘಟನೆಗಳು ಹೇಳುವ ಸಂಖ್ಯೆ 30,000. ಮರುವರ್ಷ ಏಪ್ರಿಲ್ 22ರಂದು ಒಂಬತ್ತು ಮಂದಿ ದಂಡನಾಯಕರ ವಿಚಾರಣೆ ಸಾಮಾನ್ಯ ನ್ಯಾಯಾಲಯದಲ್ಲಿ ಆರಂಭವಾಯಿತು. 800ಕ್ಕೂ ಹೆಚ್ಚು ಸಾಕ್ಷಿಗಳು ಬಂದು ನುಡಿದರು. ಯಶೋಧರ ಚರಿತೆಯಲ್ಲಿ ಬಲಿಗೆ ತಂದ ಬಾಲಕ ಅಭಯರುಚಿಯ ಮಾತನ್ನು ಮಾರಿದತ್ತ ಕೇಳಿದ ಗಳಿಗೆಯಿಂದಲೇ ಕತ್ತಿ ಕೆಳಗಿಳಿಯಿತು. ಅರ್ಜೆಂಟೀನಾದಲ್ಲಿ ಬಲಿಯಾದವರ ಮಾತು ಬಲುತಡವಾಗಿ ಕೇಳಿಸಿತು; ಆದರೂ ಒಡೆಯರು ಕುಳಿತು ಕೇಳಲೇಬೇಕಾಯಿತು.

1985ರ ಡಿಸೆಂಬರ್ 9ರಂದು ತೀರ್ಪು ಬಂದಿತು. ವಿದೇಲಾ ಮತ್ತು ನೌಕಾಸೇನಾಧಿಪತಿ ಮಸ್ಸೆರಾ ಅವರಿಗೆ ಜೀವಾವಧಿ, ಇನ್ನು ಮೂವರಿಗೆ ವಿವಿಧ ಅವಧಿಯ ಸೆರೆವಾಸ ವಿಧಿಸಲಾಯಿತು. ಸಾಕ್ಷ್ಯ ಸಾಲದೆ ನಾಲ್ವರು ಖುಲಾಸೆಯಾದರು. ಗೆದ್ದ ಪರದೇಶದವರು ಕೂಡಿಸಿದ ನ್ಯಾಯಪೀಠ ಇದಾಗಿರಲಿಲ್ಲ; ಸ್ವದೇಶದ ಕಾನೂನಿನಂತೆ ಸ್ವದೇಶದ ನ್ಯಾಯಾಧೀಶರು ತಮ್ಮ ದೇಶವನ್ನು ಆಳಿದವರನ್ನು ವಿಚಾರಿಸಿದರು. ಆ ದಂಡನಾಯಕರು ಯಾರನ್ನೂ ಸ್ವಹಸ್ತದಿಂದ ಕೊಂದುದಾಗಿ ರುಜುವಾತಾಗಬೇಕಾಗಿರಲಿಲ್ಲ. ಕೊಲ್ಲುವ ಯಂತ್ರದ ಸೂತ್ರ ಅವರ ಕೈಯಲ್ಲಿತ್ತು, ಆದ್ದರಿಂದ ಅದು ಮಾಡಿದುದೆಲ್ಲ ಅವರ ಕೃತ್ಯವೇ ಎಂದು ನ್ಯಾಯಾಲಯ ನಿರ್ಣಯಿಸಿತು. ಕಾರಿತವು ಕೃತಕ್ಕೆ ಸಮವೆಂಬ ನಿಯಮವನ್ನು ಆ ನ್ಯಾಯಾಧೀಶರು ಯಾವ ಜೈನ ಗ್ರಂಥದಿಂದಲೂ ಕಲಿತಿರಲಾರರು. ಹಲವರು ಕೂಡಿ ಮಾಡಿದ ಹಿಂಸೆಗೆ ಫಲಭಾಗಿ ಒಬ್ಬನೇ ಆಗುವ ಪ್ರಸಂಗವನ್ನು ಅಮೃತಚಂದ್ರ ಸೂರಿಗಳು ಸುಮಾರು ಸಾವಿರ ವರ್ಷಗಳ ಹಿಂದೆಯೇ ಚರ್ಚಿಸಿದ್ದಾರೆ. ಅರಸನ ಆಜ್ಞೆಯಂತೆ ಕಾದಾಡುವ ಸೈನ್ಯದ ಉದಾಹರಣೆಯಿಂದ ಅದನ್ನು ವಿವರಿಸುವುದುಂಟು.

ಆದರೆ ಇದರಿಂದ ಕೈಕೆಳಗಿನವನು ಶುದ್ಧನಾದನೆಂದು ತಿಳಿಯುವುದು ತಪ್ಪು. ಅರ್ಜೆಂಟೀನಾ ಆ ತಪ್ಪನ್ನೂ ಮಾಡಿತು. ಸೈನ್ಯದಲ್ಲಿ ಮತ್ತೆ ಕಸಿವಿಸಿ ಹೆಚ್ಚಿದಾಗ, 1986ರ ಕೊನೆಯಲ್ಲಿ ಹೊಸ ಮೊಕದ್ದಮೆಗಳಿಗೆ 60 ದಿನಗಳ ಗಡುವನ್ನು ಹಾಕಲಾಯಿತು. 1987ರಲ್ಲಿ, ಮೇಲಿನವರ ಆಜ್ಞೆಯನ್ನು ಪಾಲಿಸಿದವರು ದಂಡನಾರ್ಹರಲ್ಲವೆಂದು ಇನ್ನೊಂದು ಕಾನೂನಾಯಿತು. ಮುಂದಿನ ಅಧ್ಯಕ್ಷ ಕಾರ್ಲೋಸ್ ಮೆನೆಮ್ ಅವರು 1989 ಮತ್ತು 1990ರಲ್ಲಿ ಕ್ಷಮಾದಾನಗಳನ್ನು ಹೊರಡಿಸಿ, ವಿದೇಲಾ ಮಸ್ಸೆರಾ ಅವರನ್ನೂ ಮನೆಗೆ ಕಳುಹಿಸಿದರು. ರಾಷ್ಟ್ರೀಯ ಸಮಾಧಾನಕ್ಕಾಗಿ, ಹಳೆಯ ಗಾಯ ಮಾಯುವುದಕ್ಕಾಗಿ ಎಂಬುದು ಅದಕ್ಕೆ ಕೊಟ್ಟ ಕಾರಣ.

ಕ್ಷಮಾವಣಿಯನ್ನು ಆಚರಿಸುವ ಓದುಗರಲ್ಲಿ ಕೆಲವರಿಗಾದರೂ ಈ ಕ್ಷಮಾದಾನ ಉಚಿತವೆಂದು ತೋರಬಹುದು. ವೈರ ಮುಂದುವರಿಯಬಾರದು, ಮುದುಕರನ್ನು ಸೆರೆಯಲ್ಲಿಟ್ಟು ಸತ್ತವರು ಮರಳಿ ಬರುವುದಿಲ್ಲ, ಕರ್ಮವೇ ಅವರನ್ನು ನೋಡಿಕೊಳ್ಳುತ್ತದೆ ಎಂಬ ಮಾತುಗಳು ಬಸದಿಯ ಅಂಗಳದಲ್ಲೂ ಕೇಳಿಬರುವಂಥವೇ. ಅವುಗಳಲ್ಲಿ ಹುರುಳಿಲ್ಲವೆಂದಲ್ಲ. ದ್ವೇಷದಿಂದ ಶಿಕ್ಷೆಯನ್ನು ಬಯಸಿದವನಿಗೂ ಕರ್ಮಬಂಧ ತಪ್ಪದು. ಸೇಡನ್ನು ನ್ಯಾಯವೆಂದು ಕರೆದ ಮಾತ್ರಕ್ಕೆ ಅದರ ಬಣ್ಣ ಬದಲಾಗದು. ಆದರೆ ಇಲ್ಲಿ ಎರಡು ಸಂಗತಿಗಳು ಮರೆತುಹೋಗುತ್ತವೆ. ಕ್ಷಮೆಯು ನೊಂದವನ ಸೊತ್ತು. ಮೆನೆಮ್ ಅವರೇ ಸೈನಿಕ ಆಡಳಿತದಲ್ಲಿ ಬಂಧನವನ್ನು ಅನುಭವಿಸಿದ್ದವರು. ತಮಗಾದ ಕಷ್ಟವನ್ನು ಅವರು ಕ್ಷಮಿಸಿದ್ದರೆ ಅದು ನಿಜಕ್ಕೂ ಉತ್ತಮ ಕ್ಷಮೆಯಾಗುತ್ತಿತ್ತು. ಆದರೆ ಪರರ ಮಕ್ಕಳ ಪ್ರಾಣವನ್ನು ಕ್ಷಮಿಸಲು ಅವರಿಗೆ ಮುಖತ್ಯಾರಪತ್ರ ಕೊಟ್ಟವರು ಯಾರು? ತನಗೆ ಬರಬೇಕಾದ ಸಾಲವನ್ನು ವ್ಯಾಪಾರಿ ಬಿಟ್ಟುಕೊಡಬಹುದು. ನೆರೆಯವನಿಗೆ ಬರಬೇಕಾದುದನ್ನು ಬಿಟ್ಟುಕೊಟ್ಟರೆ ಅದಕ್ಕೆ ಔದಾರ್ಯವೆಂಬ ಹೆಸರಿಲ್ಲ.

ಎರಡನೆಯದು ಇನ್ನೂ ಮುಖ್ಯವಾದದ್ದು. ಪ್ರಾಯಶ್ಚಿತ್ತದ ಒಂಬತ್ತು ಭೇದಗಳಲ್ಲಿ ಮೊದಲನೆಯದು ಆಲೋಚನಾ. ಇಲ್ಲಿ ಆಲೋಚನಾ ಎಂದರೆ ಚಿಂತನೆಯಲ್ಲ. ತನ್ನ ದೋಷವನ್ನು ಗುರುಸನ್ನಿಧಿಯಲ್ಲಿ ಮರೆಮಾಚದೆ ನಿವೇದಿಸುವುದು. ಪ್ರತಿಕ್ರಮಣ, ತಪ, ಛೇದ ಮೊದಲಾದವೆಲ್ಲ ಅದರ ಅನಂತರ ಬರುತ್ತವೆ. ದೋಷ ಹೇಳಿಕೊಳ್ಳದವನಿಗೆ ಆಚಾರ್ಯರು ಪ್ರಾಯಶ್ಚಿತ್ತವನ್ನೇ ಕೊಡಲಾರರು, ಕ್ಷಮೆಯ ಮಾತು ದೂರವೇ ಉಳಿಯಿತು. ಆಲೋಚನೆಯನ್ನೂ ಕಪಟದಿಂದ ಮಾಡುವುದುಂಟೆಂದು ಬಲ್ಲ ಶಿವಕೋಟ್ಯಾಚಾರ್ಯರು ಭಗವತೀ ಆರಾಧನೆಯಲ್ಲಿ ಅದರ ಹತ್ತು ದೋಷಗಳನ್ನು ಹೇಳಿದ್ದಾರೆ. ಕನ್ನಡದ ವಡ್ಡಾರಾಧನೆಯ ಕಥೆಗಳ ತಲೆಯ ಮೇಲಿರುವ ಗಾಹೆಗಳು ಈ ಗ್ರಂಥದವೇ. ಇತರರು ಕಂಡ ತಪ್ಪನ್ನಷ್ಟೇ ಹೇಳಿ ಕಾಣದ್ದನ್ನು ಮುಚ್ಚಿಡುವುದು ‘ದೃಷ್ಟ’ ದೋಷ. ಸಣ್ಣದನ್ನು ಹೇಳಿ ದೊಡ್ಡದನ್ನು ಅಡಗಿಸುವುದು ‘ಸೂಕ್ಷ್ಮ’. ಗದ್ದಲದ ನಡುವೆ ಯಾರಿಗೂ ಕೇಳಿಸದಂತೆ ಹೇಳಿ ಮುಗಿಸುವುದು ‘ಶಬ್ದಾಕುಲಿತ’. ತನ್ನಂಥದೇ ತಪ್ಪು ಮಾಡಿದ ಗುರುವನ್ನು ಹುಡುಕಿ, ಅವನ ಮುಂದೆ ಹೇಳಿ ಹಗುರ ದಂಡ ಪಡೆಯುವುದು ‘ತತ್ಸೇವಿ’.

ಅರ್ಜೆಂಟೀನಾದ ಸೇನಾಕೂಟದ ಕೊನೆಯ ದಿನಗಳನ್ನು ಈ ಪಟ್ಟಿಯೊಡನೆ ಓದಿದರೆ ಆಚಾರ್ಯರಿಗೆ ಮನುಷ್ಯಸ್ವಭಾವ ಎಷ್ಟು ತಿಳಿದಿತ್ತೆಂದು ವಿಸ್ಮಯವಾಗುತ್ತದೆ. 1983ರ ಏಪ್ರಿಲಿನಲ್ಲಿ ಅವರು ಹೊರಡಿಸಿದ ಅಂತಿಮ ಹೇಳಿಕೆಯಲ್ಲಿ, ಕಾಣೆಯಾದವರನ್ನು ಸತ್ತವರೆಂದು ಭಾವಿಸಬೇಕು, ಕೆಲವು ತಪ್ಪುಗಳು ನಡೆದಿರಬಹುದು, ಅವು ದೇವರ ತೀರ್ಮಾನಕ್ಕೆ ಬಿಟ್ಟವು ಎಂಬ ಅಭಿಪ್ರಾಯವಿತ್ತು. ಎಲ್ಲಿ, ಯಾವಾಗ, ಯಾರಿಂದ ಎಂಬುದಿರಲಿಲ್ಲ. ಇದು ಸೂಕ್ಷ್ಮ ದೋಷ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ತಮಗೆ ತಾವೇ ಕ್ಷಮಾದಾನ ಮಾಡಿಕೊಳ್ಳುವ ಕಾನೂನನ್ನು ಹೊರಡಿಸಿದರು. ಅಪರಾಧಿಯೂ ಗುರುವೂ ಒಬ್ಬರೇ ಆದ ಈ ವಿಧಾನಕ್ಕೆ ತತ್ಸೇವಿ ಎಂಬ ಹೆಸರೂ ಸಾಲದು. ಚುನಾಯಿತ ಸಂಸತ್ತು ಡಿಸೆಂಬರಿನಲ್ಲೇ ಅದನ್ನು ರದ್ದು ಮಾಡಿತು.

ನಿಜವಾದ ಆಲೋಚನೆಗೆ ಹತ್ತಿರ ಬಂದ ಮಾತು ಕೇಳಿಬಂದದ್ದು 1995ರಲ್ಲಿ, ಶಿಕ್ಷೆಯ ಭಯವಿಲ್ಲದಿದ್ದಾಗ. ಅಡೋಲ್ಫೊ ಶಿಲಿಂಗೊ ಎಂಬ ನಿವೃತ್ತ ನೌಕಾಧಿಕಾರಿ ಪತ್ರಕರ್ತರೊಬ್ಬರ ಮುಂದೆ, ತಾನು ಎರಡು ಬಾರಿ ಅಂಥ ವಿಮಾನಗಳಲ್ಲಿ ಹೋಗಿ 30 ಮಂದಿಯನ್ನು ಸಮುದ್ರಕ್ಕೆ ನೂಕಿದುದಾಗಿ ಹೇಳಿಕೊಂಡನು. ಮೊದಲ ಬಾರಿ ಮರಳಿ ಬಂದು ಸೈನ್ಯದ ಪುರೋಹಿತರಲ್ಲಿಗೆ ಹೋದಾಗ ಧರ್ಮಗ್ರಂಥದ ಮಾತಿನಿಂದಲೇ ತನಗೆ ಸಾಂತ್ವನ ದೊರೆಯಿತೆಂದೂ ಅವನು ತಿಳಿಸಿದನು. ದೇವಾಲಯಗಳನ್ನು ನಡೆಸುವವರು ಈ ಮಾತಿನ ಮುಂದೆ ಕ್ಷಣಕಾಲ ನಿಲ್ಲಬೇಕು. ಅದೇ ವರ್ಷದ ಏಪ್ರಿಲಿನಲ್ಲಿ ಭೂಸೇನೆಯ ಮುಖ್ಯಸ್ಥ ಜನರಲ್ ಮಾರ್ಟಿನ್ ಬಾಲ್ಜಾ ಅವರು ದೂರದರ್ಶನದಲ್ಲಿ ಸೇನೆಯ ತಪ್ಪನ್ನು ಒಪ್ಪಿಕೊಂಡರು. ಅನೈತಿಕ ಆಜ್ಞೆಯನ್ನು ಕೊಡುವವನೂ ಅಪರಾಧಿ, ನಡೆಸುವವನೂ ಅಪರಾಧಿ ಎಂಬುದು ಅವರ ಮಾತಿನ ತಿರುಳಾಗಿತ್ತು. ಕೃತ ಮತ್ತು ಕಾರಿತ ಎರಡನ್ನೂ ಸೇನಾಪತಿಯೊಬ್ಬನು ಒಂದೇ ಉಸಿರಿನಲ್ಲಿ ಒಪ್ಪಿದ ನಿದರ್ಶನ ಜಗತ್ತಿನಲ್ಲಿ ಹೆಚ್ಚಿಲ್ಲ.

ತಾಯಂದಿರಾದರೋ ಇವರಾರ ಒಪ್ಪಿಗೆಗೂ ಕಾದು ಕುಳಿತಿರಲಿಲ್ಲ. 1977ರ ಏಪ್ರಿಲ್ 30ರಂದು 14 ಮಂದಿ ಹೆಂಗಸರು ಅಧ್ಯಕ್ಷಭವನದ ಮುಂದಿನ ಪ್ಲಾಜಾ ದೆ ಮಾಯೊ ಚೌಕದಲ್ಲಿ ನೆರೆದರು. ಗುಂಪುಗೂಡುವುದು ನಿಷಿದ್ಧವಾಗಿದ್ದುದರಿಂದ ಪೊಲೀಸರು ನಡೆಯಿರೆಂದರು. ಅವರು ಚೌಕದ ಸುತ್ತ ನಡೆಯತೊಡಗಿದರು. ತಲೆಗೆ ಬಿಳಿಯ ವಸ್ತ್ರ ಕಟ್ಟಿ ಪ್ರತಿ ಗುರುವಾರ ಸುತ್ತುವುದು ಪದ್ಧತಿಯಾಯಿತು. ಅವರಲ್ಲಿ ಮುಂದಾಳಾಗಿದ್ದ ಅಸುಸೇನಾ ವಿಲ್ಯಾಫ್ಲೋರ್ ಅವರನ್ನು ಅದೇ ವರ್ಷದ ಡಿಸೆಂಬರ್ 10ರಂದು, ವಿಶ್ವಸಂಸ್ಥೆಯ ಮಾನವ ಹಕ್ಕುಗಳ ದಿನದಂದೇ, ಅಪಹರಿಸಲಾಯಿತು. ಅವರ ಅಸ್ಥಿಗಳ ಗುರುತು ಸಿಕ್ಕಿದ್ದು 2005ರಲ್ಲಿ. ತಾಯಂದಿರು ಕೇಳುತ್ತಿದ್ದುದು ಯಾರ ತಲೆಯನ್ನೂ ಅಲ್ಲ. ಮಕ್ಕಳು ಎಲ್ಲಿ ಎಂಬ ಒಂದೇ ಪ್ರಶ್ನೆಯ ಉತ್ತರವನ್ನು. ಶಿಕ್ಷೆಗೆ ಕಾನೂನು ಅಡ್ಡವಿದ್ದ 1990ರ ದಶಕದ ಕೊನೆಯಲ್ಲಿ ಅಲ್ಲಿನ ಕೆಲವು ನ್ಯಾಯಾಲಯಗಳು ‘ಸತ್ಯದ ವಿಚಾರಣೆ’ಗಳನ್ನು ನಡೆಸಿದವು. ದಂಡವಿಲ್ಲ, ಸೆರೆಯಿಲ್ಲ, ನಡೆದುದನ್ನು ತಿಳಿಯುವ ಹಕ್ಕಿಗಾಗಿ ಮಾತ್ರ ಸಾಕ್ಷ್ಯ. ಲೆಕ್ಕ ಕೇಳುವುದು ದ್ವೇಷವೆನ್ನುವವರಿಗೆ ಇದಕ್ಕಿಂತ ಸ್ಪಷ್ಟ ಉತ್ತರ ದೊರೆಯಲಾರದು.

ಬಂದೀಖಾನೆಗಳಲ್ಲಿ ಹುಟ್ಟಿದ ಕೂಸುಗಳನ್ನು ತಾಯಂದಿರನ್ನು ಕೊಂದ ಬಳಿಕ ಬೇರೆ ಹೆಸರಿನಲ್ಲಿ ಅನ್ಯರಿಗೆ, ಎಷ್ಟೋ ಸಲ ಸೈನ್ಯಕ್ಕೆ ಸೇರಿದವರಿಗೇ, ಕೊಡಲಾಗಿತ್ತು. ಅಂಥ ಮಕ್ಕಳು ಸುಮಾರು 500 ಎಂದು ಅಜ್ಜಿಯರ ಸಂಘದ ಅಂದಾಜು. ತಂದೆತಾಯಿ ಇಲ್ಲದೆ ಅಜ್ಜಿಯ ರಕ್ತದಿಂದಲೇ ಮೊಮ್ಮಗುವನ್ನು ಗುರುತಿಸುವ ವಿಧಾನವನ್ನು ಅಮೆರಿಕದ ತಳಿವಿಜ್ಞಾನಿ ಮೇರಿ ಕ್ಲೇರ್ ಕಿಂಗ್ ಮೊದಲಾದವರು ಈ ಅಜ್ಜಿಯರ ಒತ್ತಾಯದಿಂದಲೇ ರೂಪಿಸಿದರು. 2025ರ ಜುಲೈ ವೇಳೆಗೆ 140 ಮಂದಿ ಪತ್ತೆಯಾಗಿದ್ದಾರೆ. ಅಲ್ಫೊನ್ಸಿನ್ ಕಾಲದ ಕಾನೂನುಗಳು ಶಿಶುಚೌರ್ಯಕ್ಕೆ ವಿನಾಯಿತಿ ಕೊಟ್ಟಿರಲಿಲ್ಲವಾದುದರಿಂದ 1998ರಲ್ಲಿ ವಿದೇಲಾ ಮರಳಿ ಬಂಧಿತರಾದರು. 2005ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕಾನೂನುಗಳನ್ನೇ ಅಸಿಂಧುವೆಂದಿತು. ಅಂದಿನಿಂದ ಸಾವಿರಕ್ಕೂ ಮಿಕ್ಕಿ ಅಪರಾಧಿಗಳಿಗೆ ಶಿಕ್ಷೆಯಾಗಿದೆ. ವಿದೇಲಾ 2013ರ ಮೇ 17ರಂದು ಸೆರೆಮನೆಯಲ್ಲೇ ತೀರಿಕೊಂಡರು.

ಉಳಿದದ್ದು ಅನುಮತ, ಎಂದರೆ ಅನುಮೋದನೆ. 108ರಲ್ಲಿ ಮೂರನೆಯ ಒಂದು ಪಾಲು ಅದರದೇ. 1978ರ ಜೂನಿನಲ್ಲಿ ಫುಟ್ಬಾಲ್ ವಿಶ್ವಕಪ್ಪಿನ ಅಂತಿಮ ಪಂದ್ಯ ಬ್ಯೂನಸ್ ಐರಿಸ್ಸಿನಲ್ಲಿ ನಡೆದಾಗ ಕ್ರೀಡಾಂಗಣದ ಜಯಘೋಷ ಅನತಿದೂರದ ನೌಕಾಶಾಲೆಯ ಬಂದಿಗಳಿಗೆ ಕೇಳಿಸುತ್ತಿತ್ತು. ಕೂಗಿದವರಲ್ಲಿ ಬಹುಪಾಲು ಜನರಿಗೆ ಏನೂ ತಿಳಿದಿರಲಿಕ್ಕಿಲ್ಲ. ಅವರನ್ನು ದೂರುವುದು ಅನ್ಯಾಯ. ತಿಳಿದವರ ಮಾತು ಬೇರೆ. 1976ರಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಹೆನ್ರಿ ಕಿಸಿಂಜರ್ ಅವರು ಅರ್ಜೆಂಟೀನಾದ ವಿದೇಶಾಂಗ ಸಚಿವರಿಗೆ, ಮಾಡಬೇಕಾದುದಿದ್ದರೆ ಬೇಗನೆ ಮಾಡಿ ಮುಗಿಸಿ ಎಂಬರ್ಥದ ಸಲಹೆ ಕೊಟ್ಟದ್ದು ಅನಂತರ ಬಹಿರಂಗವಾದ ಅಮೆರಿಕದ ಕಡತಗಳಲ್ಲಿದೆ. ಎದುರು ಪಾಳೆಯದ ಸೋವಿಯೆತ್ ಒಕ್ಕೂಟವಾದರೂ ಶುದ್ಧವಾಗಿ ಉಳಿಯಲಿಲ್ಲ. 1980ರಲ್ಲಿ ಅಮೆರಿಕ ಧಾನ್ಯ ಮಾರುವುದನ್ನು ನಿಲ್ಲಿಸಿದಾಗ ಅದು ಅರ್ಜೆಂಟೀನಾದ ಧಾನ್ಯಕ್ಕೆ ದೊಡ್ಡ ಗಿರಾಕಿಯಾಯಿತು, ವಿಶ್ವಸಂಸ್ಥೆಯಲ್ಲಿ ಆ ಸೇನಾಕೂಟಕ್ಕೆ ಆಸರೆಯಾಗಿ ನಿಂತಿತು. ಕಮ್ಯೂನಿಸ್ಟರನ್ನು ಕೊಲ್ಲುತ್ತಿದ್ದವರಿಗೆ ಕಮ್ಯೂನಿಸ್ಟ್ ಸರಕಾರವೇ ಗೋಧಿಯ ಬೆಲೆಗಾಗಿ ಬೆನ್ನು ಕೊಟ್ಟಿತು. ಲೋಭದ ಅನುಮೋದನೆ ಎಷ್ಟು ಸದ್ದಿಲ್ಲದ್ದೆಂಬುದು ವ್ಯಾಪಾರದಲ್ಲಿ ಕೂದಲು ನರೆತವರಿಗೆ ಬಿಡಿಸಿ ಹೇಳಬೇಕಾದುದಿಲ್ಲ.

ನೆರೆದೇಶ ಚಿಲಿಯ ಮಾಜಿ ಸರ್ವಾಧಿಕಾರಿ ಪಿನೋಷೆ ಅವರನ್ನು 1998ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಬಂಧಿಸಿದಾಗ, ರಾಷ್ಟ್ರಾಧ್ಯಕ್ಷನಾಗಿದ್ದವನಿಗೆ ಚಿತ್ರಹಿಂಸೆಯ ವಿಷಯದಲ್ಲಿ ರಕ್ಷಾಕವಚವಿಲ್ಲವೆಂದು ಅಲ್ಲಿನ ಹೌಸ್ ಆಫ್ ಲಾರ್ಡ್ಸ್ 1999ರಲ್ಲಿ ನಿರ್ಣಯಿಸಿತು. ಆದರೆ ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದವನ್ನು ಬ್ರಿಟನ್ ತನ್ನ ಕಾನೂನಿಗೆ ಅಳವಡಿಸಿಕೊಂಡ 1988ರ ಬಳಿಕದ ಕೃತ್ಯಗಳಿಗೆ ಮಾತ್ರ ಅದು ಅನ್ವಯಿಸಿತು. 1973ರಿಂದ ನಡೆದ ಮಿಕ್ಕುದೆಲ್ಲ ಆ ಒಂದು ತಾರೀಖಿನಿಂದ ಲೆಕ್ಕದ ಹೊರಗುಳಿಯಿತು. ಅನಾರೋಗ್ಯದ ಕಾರಣದಿಂದ 2000ದಲ್ಲಿ ಅವರನ್ನು ತಾಯ್ನಾಡಿಗೆ ಬಿಡಲಾಯಿತು. ಯಾವ ಶಿಕ್ಷೆಯೂ ಆಗದೆ 2006ರಲ್ಲಿ ಅವರು ಮೃತರಾದರು. ಒಪ್ಪಂದಕ್ಕೆ ರುಜು ಹಾಕಿದ ದಿನ, ಜಾರಿಗೆ ತಂದ ದಿನ ಇವು ಗುಮಾಸ್ತರ ವಿವರಗಳಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಭಾರತದ ಲೆಕ್ಕವನ್ನೂ ನೋಡದೆ ಪರದೇಶದ ಲೆಕ್ಕವನ್ನು ತಪಾಸಣೆ ಮಾಡುವುದು ಶ್ರಾವಕನಿಗೆ ಶೋಭಿಸದು. ಮೇರಠದ ಚಿನ್ನದ ತೀರ್ಪಿನ ಬಿಗಿಯನ್ನು ಸಡಿಲಿಸಿದವರು ಒರಿಸ್ಸಾದ ತಾಯಿಯೊಬ್ಬರು. 1987ರ ಡಿಸೆಂಬರಿನಲ್ಲಿ ಪೊಲೀಸರು ಕರೆದೊಯ್ದ ಅವರ 22 ವರ್ಷದ ಮಗನ ಶವ ಮರುದಿನ ರೈಲುಹಳಿಯ ಮೇಲೆ ದೊರೆಯಿತು. ತಪ್ಪಿಸಿಕೊಂಡು ಓಡಿದವನು ರೈಲಿಗೆ ಸಿಕ್ಕಿದನೆಂದು ಪೊಲೀಸರೆಂದರು. ತಾಯಿ ಸುಪ್ರೀಂ ಕೋರ್ಟಿಗೆ ಒಂದು ಕಾಗದ ಬರೆದರು. ಅದನ್ನೇ ಅರ್ಜಿಯಾಗಿ ಸ್ವೀಕರಿಸಲಾಯಿತು. ‘ನೀಲಬತಿ ಬೆಹೆರಾ’ ಪ್ರಕರಣವೆಂದು ಪ್ರಸಿದ್ಧವಾದ 1993ರ ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರು, ಸಂವಿಧಾನದತ್ತ ಮೂಲಭೂತ ಹಕ್ಕು ಭಂಗವಾದಾಗ ಸಾರ್ವಭೌಮತೆಯ ನೆಪ ನಡೆಯದೆಂದು ಸಾರಿ, 1,50,000 ರೂಪಾಯಿ ಪರಿಹಾರವನ್ನು ವಿಧಿಸಿದರು. ಕಸ್ತೂರಿಲಾಲ್ ತೀರ್ಪು ಇಂಥ ಪ್ರಕರಣಗಳಿಗೆ ತಾಗದೆಂದು ಆಗ ಸ್ಪಷ್ಟವಾಯಿತು.

ಪಿನೋಷೆ ಪ್ರಕರಣದಲ್ಲಿ ನಿರ್ಣಾಯಕವಾದ ಅದೇ ಒಪ್ಪಂದಕ್ಕೆ ಭಾರತವು 1997ರ ಅಕ್ಟೋಬರ್ 14ರಂದು ಸಹಿ ಮಾಡಿತು. ಸಹಿಯ ನಂತರ ಆಗಬೇಕಾದ ಔಪಚಾರಿಕ ಕ್ರಮಕ್ಕೆ ಆಡಳಿತದ ಕನ್ನಡದಲ್ಲೂ ‘ಅನುಮೋದನೆ’ ಎಂದೇ ಹೆಸರು. ಅದು ಇಂದಿಗೂ ಆಗಿಲ್ಲ. ಅದಕ್ಕೆ ಅಗತ್ಯವಾದ ಚಿತ್ರಹಿಂಸಾ ತಡೆ ಮಸೂದೆ 2010ರಲ್ಲಿ ಲೋಕಸಭೆಯಲ್ಲಿ ಅಂಗೀಕಾರವಾಗಿ, ರಾಜ್ಯಸಭೆಯ ಪ್ರವರ ಸಮಿತಿಗೆ ಹೋಗಿ, 2014ರಲ್ಲಿ ಲೋಕಸಭೆಯ ಅವಧಿಯೊಡನೆ ಬಿದ್ದುಹೋಯಿತು. 2017ರಲ್ಲಿ ಕಾನೂನು ಆಯೋಗವು ತನ್ನ 273ನೆಯ ವರದಿಯಲ್ಲಿ ಒಪ್ಪಂದವನ್ನು ಅನುಮೋದಿಸುವಂತೆ ಶಿಫಾರಸು ಮಾಡಿತು. ಮಹಾವೀರ ಜಯಂತಿಯಂದು ಕಸಾಯಿಖಾನೆಗಳನ್ನು ಮುಚ್ಚಿಸಬೇಕೆಂದು ಸರಕಾರಕ್ಕೆ ಮನವಿ ಸಲ್ಲಿಸುವುದು ಬಸದಿಗಳ ಟ್ರಸ್ಟುಗಳಿಗೂ ಸಮಾಜದ ಸಂಘಗಳಿಗೂ ರೂಢಿಯಾಗಿದೆ, ಅದು ಸ್ತುತ್ಯವಾದುದೇ. ಠಾಣೆಯ ನೆಲಮಾಳಿಗೆಯಲ್ಲಿ ಮಲಗಿರುವ ಪಂಚೇಂದ್ರಿಯ ಜೀವಿಯ ಹೆಸರಿನಲ್ಲಿ ಅದೇ ಮೊಹರು ಒತ್ತಿದ ಕಾಗದವೊಂದು ದೆಹಲಿಗೆ ಹೋಗುವುದಕ್ಕೆ ಯಾವ ಆಗಮದ ಅಡ್ಡಿಯೂ ಇದ್ದಂತೆ ಕಾಣುವುದಿಲ್ಲ.